ಕೈಗಾರಿಕೆಯಲ್ಲಿ ಉತ್ಪಾದಕತೆಯು ಹೆಚ್ಚುವ ಬಗೆ

ಹಿಂದುಳಿದ ದೇಶವೊಂದರ ಕೈಗಾರಿಕೆಯು ಏಳಿಗೆ ಹೊಂದಲು ಬಂಡವಾಳವೂ ಯಂತ್ರಗಳೂ ಸಾಕೆಂದು ಅನೇಕರು ಭಾವಿಸುವರು. ಈ ಭಾವನೆ ಎಷ್ಟರ ಮಟ್ಟಿಗೆ ಸರಿಯೆಂಬದನ್ನು ಜಪಾನಿನ ರೇಷ್ಮೆಯ ದೃಷ್ಟಾಂತದಿಂದ ವಿಚಾರಿಸೋಣ.

ಮೊದಲು ಉತ್ಪಾದಕತೆ ಎಂದರೇನೆಂದು ತಿಳಿಯಬೇಕು. ಎಂಟು ಗಂಟೆಗಳಲ್ಲಿ ನಾಲ್ಕು ಲಡಿ ನೂಲು ತೆಗೆಯುತ್ತಿದ್ದ ಹೆಂಗಸು ಹನ್ನೆರಡು ಗಂಟೆ ದುಡಿದು ಆರು ಲಡಿ ತೆಗೆದರೆ ದುಡಿಮೆ ಹೆಚ್ಚಿತೇ ಹೊರತು ಉತ್ಪಾದಕತೆ ಹೆಚ್ಚಲಿಲ್ಲ. ಅದೇ ಎಂಟು ಗಂಟೆಗಳಲ್ಲಿ ಆರು ಲಡಿ ತೆಗೆದರೆ ಮಾತ್ರ ಉತ್ಪಾದಕತೆ ಹೆಚ್ಚಿತೆನ್ನಬೇಕು.

1872ರಲ್ಲಿ ಜಪಾನ್ ಸರ್ಕಾರವು ಟೊಮಿಯೋಕಾ ಎಂಬ ಊರಿನಲ್ಲಿ ಉಗಿಯಂತ್ರದ ರೇಷ್ಮೆ ಗಿರಣಿಯನ್ನು ಕಟ್ಟಿಸಿತು. ಪೌಲ್ ಬ್ರೂನಾ ಎಂಬ ಫ್ರೆಂಚರು ಅದರ ಮೇಲ್ವಿಚಾರಣೆ ನಡಿಸಿದರು. ಕಲಿಸುವದಕ್ಕೆ ಫ್ರೆಂಚ್ ಸ್ತ್ರೀಯರೂ ಬಂದರು. ಮುನ್ನೂರು ಮಂದಿ ಏಕಕಾಲದಲ್ಲಿ ನೂಲು ಬಿಚ್ಚುವ ಏರ್ಪಾಡು ಸಿದ್ಧವಾಯಿತು. ಆದರೆ ಕೆಲಸಕ್ಕೆ ಹುಡುಗಿಯರೇ ಬರಲಿಲ್ಲ. ದ್ರಾಕ್ಷಾರಸವನ್ನು ಕುಡಿಯುತ್ತಿದ್ದ ಪರದೇಶಿಯರು ನೆತ್ತರನ್ನು ಕುಡಿಯುವವರೆಂಬ ಸುಳ್ಳು ಸುದ್ದಿಯು ಹಬ್ಬಿತ್ತು. ಆಗ ಗಿರಣಿಯ ಅಧಿಕಾರಿಯಾದ ಒದಾಕಾ ಎಂಬವರು ತಮ್ಮ ಸ್ವಂತ ಮಗಳನ್ನೇ ಮೊದಲು ಸೇರಿಸಿದರು. ಆ ತಂದೆಯ ಧೈರ್ಯವನ್ನು ಕಂಡು ಇತರರೂ ತಮ್ಮ ಹೆಣ್ಣುಮಕ್ಕಳನ್ನು ಕಳುಹಿಸಿದರು.

ನೂಲು ಬಿಚ್ಚುವದು ಸೂಕ್ಷ್ಮವಾದ ಕೆಲಸ. ಬಿಸಿನೀರಿನಲ್ಲಿರುವ ಒಂದು ಗೂಡು ಮುಗಿದೊಡನೆ ಮತ್ತೊಂದರ ಎಳೆಯನ್ನು ಸೇರಿಸದಿದ್ದರೆ ನೂಲು ಸಣ್ಣದಾಗಿ ಕಡಿಯುವದು. ಇದನ್ನು ಆಗಿನ ಯಂತ್ರವು ಅರಿಯದಾಗಿತ್ತು. ಕಣ್ಣೂ ಬೆರಳೂ ಅರಿಯಬೇಕಾಗಿತ್ತು. ಟೊಮಿಯೋಕಾದಲ್ಲಿ ನೈಪುಣ್ಯಕ್ಕೆ ತಕ್ಕಂತೆ ದರ್ಜೆಗಳಿದ್ದವು; ದಿನದ ಕೆಲಸ ಎಂಟು ಗಂಟೆಗಿಂತ ಕಡಿಮೆ; ಭಾನುವಾರ ರಜೆ.

ಈ ಗಿರಣಿಯು ಸರ್ಕಾರಕ್ಕೆ ವಿಶೇಷ ಲಾಭ ತರಲಿಲ್ಲ. 1893ರಲ್ಲಿ ಅದು ಖಾಸಗಿಯವರ ಪಾಲಾಯಿತು. ನಿಜವಾದ ಲಾಭವು ಬೇರೆ ಕಡೆ ದೊರಕಿತು. 1873ರಲ್ಲಿ ಅಲ್ಲಿಗೆ ಬಂದ ಯೊಕೊತಾ ಏಯಿ ಎಂಬ ತರುಣಿಯು ಮರುವರ್ಷ ಸ್ವಂತ ಊರಿಗೆ ಹಿಂದಿರುಗಿ, ಅಲ್ಲಿಯ ಹೊಸ ಗಿರಣಿಯಲ್ಲಿ ಶಿಕ್ಷಕಿಯಾದಳು. ಹೀಗೆಯೇ ಅನೇಕರು ತಮ್ಮ ತಮ್ಮ ಪ್ರಾಂತಗಳಿಗೆ ವಿದ್ಯೆಯನ್ನು ಒಯ್ದರು. ದುಬಾರಿಯಾದ ಲೋಹದ ಯಂತ್ರಗಳಿಗೆ ಬದಲಾಗಿ ಸ್ಥಳೀಯ ಕುಶಲಿಗಳು ಮರವನ್ನೂ ಮಣ್ಣಿನ ಪಾತ್ರೆಗಳನ್ನೂ ಬಳಸಿ ಅಗ್ಗದ ಯಂತ್ರಗಳನ್ನು ರಚಿಸಿದರು. 1909ರ ಸುಮಾರಿಗೆ ಕಚ್ಚಾ ರೇಷ್ಮೆಯ ರಫ್ತಿನಲ್ಲಿ ಜಪಾನು ಚೀನವನ್ನು ಮೀರಿಸಿತು. ಇದಕ್ಕೂ ಮುಂಚೆ ಜಮ್‌ಷೆಡ್‌ಜಿ ಟಾಟಾರವರು ಜಪಾನೀ ಕುಶಲಿಗಳ ಸಹಾಯದಿಂದ ಬೆಂಗಳೂರಿನಲ್ಲಿ ರೇಷ್ಮೆ ತೋಟವನ್ನು ಸ್ಥಾಪಿಸಿದ್ದರು. ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಆ ಸ್ಥಳಕ್ಕೆ ಇಂದಿಗೂ ಉಳಿದಿದೆ.

ಈ ಚರಿತ್ರೆಗೆ ಕತ್ತಲೆಯ ಮುಖವೂ ಉಂಟು. ಮುಂದೆ ಅನೇಕ ಖಾಸಗಿ ಗಿರಣಿಗಳಲ್ಲಿ ಬಡ ಹುಡುಗಿಯರು ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆ ದುಡಿಯಬೇಕಾಯಿತು. ಕೆಲಸದ ಹೊತ್ತನ್ನು ಹೆಚ್ಚಿಸಿ ಕೂಲಿಯನ್ನು ಇಳಿಸಿದ್ದಕ್ಕೆ 1886ರಲ್ಲಿ ಕೋಫು ಪಟ್ಟಣದ ಸ್ತ್ರೀಕಾರ್ಮಿಕರು ಮುಷ್ಕರ ಹೂಡಿದರು. 1911ರಲ್ಲಿ ಆದ ಕಾರ್ಖಾನೆ ಕಾಯಿದೆಯು ಜಾರಿಗೆ ಬಂದದ್ದು 1916ರಲ್ಲಿ. ಗಂಟೆಗಳನ್ನು ಹೆಚ್ಚಿಸಿ ಗಳಿಸಿದ್ದನ್ನು ಪ್ರಗತಿಯೆಂದು ಕರೆಯಲಾಗದು. ಅದು ಒಬ್ಬರ ಆರೋಗ್ಯವನ್ನು ಮತ್ತೊಬ್ಬರ ಲೆಕ್ಕಕ್ಕೆ ಜಮೆ ಮಾಡಿದಂತೆ.

ನಮ್ಮ ದೇಶದಲ್ಲಿಯೂ ಇದೇ ಪಾಠಕ್ಕೆ ಸಾಕ್ಷಿಯುಂಟು. 2008ರಲ್ಲಿ ಮುಂಬಯಿ ಸಮೀಪದ ಕೆಲವು ಬಟ್ಟೆ ಗಿರಣಿಗಳಲ್ಲಿ ಅರ್ಥಶಾಸ್ತ್ರಜ್ಞರು ಒಂದು ಪರೀಕ್ಷೆಯನ್ನು ಆರಂಭಿಸಿದರು. ನೆಲವನ್ನು ಚೊಕ್ಕಟವಾಗಿಡುವದು, ನೂಲಿನ ದಾಸ್ತಾನನ್ನು ವಿಂಗಡಿಸುವದು, ಮಗ್ಗವು ನಿಂತ ಕಾರಣವನ್ನು ಬರೆದಿಡುವದು, ಬಟ್ಟೆಯ ದೋಷಗಳನ್ನು ಪ್ರತಿದಿನ ಪರಿಶೀಲಿಸುವದು: ಇಂಥ ಕ್ರಮಗಳಿಂದಲೇ ಮೊದಲನೆಯ ವರ್ಷದಲ್ಲಿ ಉತ್ಪಾದಕತೆಯು ಸುಮಾರು ಶೇಕಡಾ 17ರಷ್ಟು ಹೆಚ್ಚಿತು.

ಆದದರಿಂದ ಯಂತ್ರವು ಬೇಕು, ಆದರೆ ಅದೊಂದೇ ಸಾಲದು. ಕಲಿತ ಕೈ, ಕ್ರಮವುಳ್ಳ ಆಡಳಿತ, ನ್ಯಾಯವಾದ ಕೂಲಿ ಇವು ಕೂಡಿದಾಗಲೇ ಏಳಿಗೆಯು ನಿಲ್ಲುವದು. ತಲಾಂತುಗಳ ಸಾಮ್ಯವನ್ನು ಬಲ್ಲ ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೆ ಹೂಳಿಟ್ಟ ವಿದ್ಯೆಯು ಫಲಿಸದೆಂದು ಹೇಳಬೇಕಾಗಿಲ್ಲ. ಕಲಿತದ್ದನ್ನು ಇನ್ನೊಬ್ಬಳಿಗೆ ಕಲಿಸಿರಿ. ಪೋಷಕರೇ, ಮಗಳ ಓದನ್ನು ನಡುವೆ ಬಿಡಿಸುವ ಮುನ್ನ ಒದಾಕಾರವರನ್ನು ನೆನೆಯಿರಿ. ಅವರು ಕಳುಹಿಸಿದ್ದು ಒಬ್ಬ ಮಗಳನ್ನು. ಆಕೆಯ ಹಿಂದೆ ನಡೆದವರು ಅನೇಕರು.