ಭೂತ್ ಜೊಲೊಕಿಯಾ, ಸ್ಕಾರ್ಪಿಯನ್, ರೀಪರ್: ಗುರುತಿಸುವುದು ಹೇಗೆ?

ಭೂತ್ ಜೊಲೊಕಿಯಾ, ಟ್ರಿನಿಡಾಡ್ ಸ್ಕಾರ್ಪಿಯನ್, ಕೆರೊಲಿನಾ ರೀಪರ್ ಈ ಮೂರು ಮೆಣಸಿನಕಾಯಿಗಳನ್ನೂ ಕ್ಯಾಪ್ಸಿಕಮ್ ಚೈನೆನ್ಸ್ ಪ್ರಭೇದದಲ್ಲೇ ಸೇರಿಸುತ್ತಾರೆ. ಎಲೆ, ಹೂವು ನೋಡಿ ಬೇರ್ಪಡಿಸುವುದು ಕಷ್ಟ. ಹಣ್ಣಾದ ಕಾಯಿಯನ್ನೇ ನೋಡಬೇಕು. ಅಸ್ಸಾಂ, ನಾಗಾಲ್ಯಾಂಡ್ ಕಡೆಯ ಭೂತ್ ಜೊಲೊಕಿಯಾ ಉದ್ದಕ್ಕಿದ್ದು ತುದಿಯತ್ತ ಚೂಪಾಗುತ್ತದೆ, ಸಿಪ್ಪೆ ತೆಳು. ಸ್ಕಾರ್ಪಿಯನ್ ಗಿಡ್ಡ, ಮೈಯೆಲ್ಲ ಸುಕ್ಕು, ತುದಿಯಲ್ಲಿ ಚೇಳಿನ ಕೊಂಡಿಯಂಥ ಬಾಲ. ಗೊಂದಲವಾಗುವುದು ಇಲ್ಲೇ, ಏಕೆಂದರೆ ರೀಪರ್‌ಗೂ ಬಾಲವಿದೆ. ಅದರ ಮೈಮೇಲೆ ಗುಳ್ಳೆಯೆದ್ದಂತೆ ಉಬ್ಬುಗಳು ಹೆಚ್ಚು. ಆದರೂ ಒಂದೇ ಗಿಡದಲ್ಲಿ ಬಾಲವಿರುವ, ಬಾಲವಿಲ್ಲದ ಕಾಯಿಗಳೆರಡೂ ಬಿಡುವುದುಂಟು. ಹತ್ತಾರು ಕಾಯಿಗಳನ್ನು ಸಾಲಾಗಿಟ್ಟು ನೋಡದೆ ತೀರ್ಮಾನಿಸಬಾರದು. ರುಚಿ ನೋಡುವ ಸಾಹಸವಂತೂ ಬೇಡವೇ ಬೇಡ: 2007ರಲ್ಲಿ ಗಿನ್ನೆಸ್ ದಾಖಲೆ ಸೇರಿದ ಭೂತ್ ಜೊಲೊಕಿಯಾದ ಖಾರವೇ 10 ಲಕ್ಷ ಸ್ಕೋವಿಲ್ (ಖಾರದ ಅಳತೆ), 2013ರಲ್ಲಿ ಆ ದಾಖಲೆ ಸೇರಿದ ರೀಪರ್‌ನದು 15 ಲಕ್ಷಕ್ಕೂ ಮೇಲು. ಗುರುತಿಸಲು ಇನ್ನೊಂದು ತೊಡಕು: ಅಕ್ಕಪಕ್ಕ ಬೆಳೆದ ಗಿಡಗಳ ಪರಾಗವನ್ನು ಜೇನ್ನೊಣಗಳು ಬೆರೆಸುವುದರಿಂದ, ಅವುಗಳ ಬೀಜದಿಂದ ಬಂದ ಗಿಡ ಮಿಶ್ರತಳಿಯೂ ಆಗಿರಬಹುದು.