ಸೂಜಿಮದ್ದಿನ ಭಯ

ಮಧುಮೇಹವು ಬಹು ಪ್ರಾಚೀನವಾದ ವ್ಯಾಧಿ. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಇದರ ತೀವ್ರ ರೂಪಕ್ಕೆ ತುತ್ತಾದ ಮಕ್ಕಳು ಬದುಕಿ ಉಳಿಯುತ್ತಿರಲಿಲ್ಲ. ಅರೆಹೊಟ್ಟೆಯಲ್ಲಿರಿಸಿ ಸಾವನ್ನು ಕೆಲಕಾಲ ಮುಂದೂಡುವುದಷ್ಟೇ ವೈದ್ಯರಿಗೆ ತಿಳಿದಿದ್ದ ಉಪಾಯ.

1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಎಂಬುವರು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಸತ್ತ್ವವೊಂದನ್ನು ತೆಗೆದರು. 1922ರ ಜನವರಿ 11ರಂದು ಅದನ್ನು ಲೆನರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಚುಚ್ಚಲಾಯಿತು. ಮದ್ದು ಶುದ್ಧವಾಗಿರಲಿಲ್ಲ, ಚುಚ್ಚಿದೆಡೆಯಲ್ಲಿ ಬಾವು ಬಂದಿತು. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದ ಮೇಲೆ ಜನವರಿ 23ರಂದು ಮತ್ತೆ ಕೊಡಲಾಯಿತು. ಈ ಸಲ ರಕ್ತದ ಸಕ್ಕರೆ ಇಳಿಯಿತು. ಸಾವಿನ ಅಂಚಿನಲ್ಲಿದ್ದ ಹುಡುಗ ಮುಂದೆ ಹದಿಮೂರು ವರ್ಷ ಬಾಳಿದನು. ಆ ಸತ್ತ್ವವೇ ಇನ್ಸುಲಿನ್.

ಪ್ರಾಣವುಳಿಸಿದ ಈ ಮದ್ದಿಗೆ ಜನರು ಇಂದಿಗೂ ಹೆದರುತ್ತಿರುವುದು ಸೋಜಿಗವೇ ಸರಿ. ವಯಸ್ಕರಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ಬಗೆಯ ಮಧುಮೇಹದಲ್ಲಿ ಸಾಮಾನ್ಯವಾಗಿ ಮೊದಲು ಪಥ್ಯ, ವ್ಯಾಯಾಮ, ಗುಳಿಗೆಗಳೇ ಸಾಕಾಗುತ್ತವೆ. ವರ್ಷಗಳು ಕಳೆದಂತೆ ಇನ್ಸುಲಿನ್ ಸ್ರವಿಸುವ ಕಣಗಳ ಶಕ್ತಿ ಕುಂದುತ್ತದೆ. ಆಗ ವೈದ್ಯರು ಸೂಜಿಮದ್ದನ್ನು ಸೂಚಿಸಿದರೆ, ರೋಗಿಯು “ಇನ್ನೆರಡು ತಿಂಗಳು ನೋಡೋಣ” ಎನ್ನುತ್ತಾನೆ. ಎರಡು ತಿಂಗಳು ಎರಡು ವರ್ಷವಾಗುತ್ತದೆ. ಅಷ್ಟರಲ್ಲಿ ಕಣ್ಣು, ಮೂತ್ರಪಿಂಡ, ನರಗಳು ಸದ್ದಿಲ್ಲದೆ ಕೆಡುತ್ತಿರುತ್ತವೆ.

ಈ ಹಿಂಜರಿಕೆಗೆ ನೋವಿನ ಭಯವೊಂದೇ ಕಾರಣವಲ್ಲ. ಈಗಿನ ಸೂಜಿ ಕೂದಲಿನಷ್ಟು ಸಣ್ಣದು. “ಪಕ್ಕದ ಮನೆಯವರು ಇನ್ಸುಲಿನ್ ಹಿಡಿದರು, ಕಾಲನ್ನೇ ತೆಗೆಯಬೇಕಾಯಿತು” ಎಂಬ ಮಾತು ಸೂಜಿಗಿಂತ ಆಳವಾಗಿ ನಾಟುತ್ತದೆ. ಕಾಲು ಕೆಟ್ಟದ್ದು ಇನ್ಸುಲಿನ್ನಿನಿಂದಲ್ಲ, ಅದು ತಡವಾಗಿ ಬಂದುದರಿಂದ. ಮಳೆ ಸುರಿದ ಮೇಲೆ ಕೊಡೆ ಬಿಚ್ಚಿದವನು ಕೊಡೆಯಿಂದಲೇ ನೆನೆದೆನೆಂದಂತಾಯಿತು! ಇದರಲ್ಲಿ ಕೆಲವು ವೈದ್ಯರ ಪಾಲೂ ಇದೆ. “ಪಥ್ಯ ಮಾಡದಿದ್ದರೆ ಇನ್ಸುಲಿನ್ ಚುಚ್ಚಬೇಕಾದೀತು” ಎಂದು ಗದರಿಸಿದರೆ, ಔಷಧಿಯು ಶಿಕ್ಷೆಯಾಗಿ ತೋರದೆ ಇದ್ದೀತೆ?

ನುಂಗುವ ಗುಳಿಗೆಯಾಗಿ ಕೊಡಬಾರದೇ ಎಂದು ಕೇಳುವವರುಂಟು. ಇನ್ಸುಲಿನ್ ಒಂದು ಸಸಾರಜನಕ. ಜಠರಕ್ಕಿಳಿದರೆ ಬೇಳೆಯಂತೆ ಅದೂ ಜೀರ್ಣವಾಗಿಬಿಡುತ್ತದೆ.

ಎಲ್ಲ ಅಂಜಿಕೆಯೂ ಹುಸಿಯಲ್ಲ. ಪ್ರಮಾಣ ಮೀರಿದರೆ ಅಥವಾ ಊಟ ತಪ್ಪಿದರೆ ರಕ್ತದ ಸಕ್ಕರೆ ಅತಿಯಾಗಿ ಇಳಿದು ಬೆವರು, ನಡುಕ ಬರುವುದುಂಟು. ಎಚ್ಚರವಿರುವಾಗಲೇ ಸಕ್ಕರೆ ನೀರು ಕುಡಿಸಬೇಕು. ಬಡವರಿಗೆ ವೆಚ್ಚದ ಚಿಂತೆಯೂ ಇದೆ, ಮದ್ದನ್ನು ತಂಪಾಗಿಡುವ ಚಿಂತೆಯೂ ಇದೆ. ಶೀತಕಪೆಟ್ಟಿಗೆಯಿಲ್ಲದ ಮನೆಗಳಲ್ಲಿ, ಬಳಸುತ್ತಿರುವ ಸೀಸೆಯನ್ನು ನೀರು ಸೋಕದಂತೆ ಮುಚ್ಚಿ, ನೆನೆದ ಮಣ್ಣಿನ ಮಡಕೆಯೊಳಗೆ ನೆರಳಿನಲ್ಲಿಡುತ್ತಾರೆ.