ಮನೆಗೆ ವಿದ್ಯುತ್ ಕಾರು: ಮೊದಲು ಲೋಡ್ ಲೆಕ್ಕ

ಮನೆಯಲ್ಲೇ ಕಾರು ಚಾರ್ಜ್ ಮಾಡಲು ಮೊದಲು ನೋಡಬೇಕಾದದ್ದು ಹೆಸ್ಕಾಂ ಬಿಲ್ಲಿನಲ್ಲಿರುವ ಮಂಜೂರಾದ ಲೋಡ್. ಭಟ್ಕಳದ ಮುಟ್ಟಳ್ಳಿಯಿಂದ ಹೊನ್ನಾವರ, ಕುಮಟಾದವರೆಗೆ ಹಳೆಯ ಮನೆಗಳಲ್ಲಿ ದೀಪ, ಫ್ಯಾನುಗಳ ಕಾಲದ ಅಂಕಿಯೇ ಉಳಿದಿರುವುದುಂಟು. ಗೀಸರ್, ಎ.ಸಿ. ಬಂದರೂ ಅದನ್ನು ತಿದ್ದಿಸಿರುವುದಿಲ್ಲ.

ಸ್ಕೂಟರಿನ ಮನೆ ಚಾರ್ಜರ್ ಸಾಮಾನ್ಯವಾಗಿ 1 ಕಿಲೋವ್ಯಾಟ್ ಒಳಗಿನದು. ಬಾವಿ ಪಂಪಿನಷ್ಟೇ ಎಂದುಕೊಂಡರಾಯಿತು. ಕಾರಿನದು ಬೇರೆ ಮಾತು. ಪವರ್ ಪ್ಲಗ್ಗಿನಿಂದಾದರೆ ಸುಮಾರು 3.3 ಕಿಲೋವ್ಯಾಟ್, ಗೋಡೆಗೆ ಕೂರಿಸುವ ಚಾರ್ಜರ್ ಆದರೆ 7.4.

ಎರಡನೆಯ ಹೆಜ್ಜೆ, ಉಪಕರಣಗಳ ವ್ಯಾಟ್ ಬರೆದು, ಒಂದೇ ಹೊತ್ತಿನಲ್ಲಿ ಓಡುವಂಥವನ್ನು ಮಾತ್ರ ಕೂಡುವುದು. ಬೆಳಿಗ್ಗೆ ಗೀಸರ್ 2000, ಒಂದು ಎಚ್‌ಪಿ ಪಂಪು 750, ಮಿಕ್ಸರ್ 750, ಫ್ರಿಜ್ 200, ಫ್ಯಾನು-ದೀಪ 300: ಒಟ್ಟು 4000 ವ್ಯಾಟ್. ಅದಕ್ಕೆ ಕಾರಿನ 3300 ಸೇರಿದರೆ 7300. 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 32 ಆಂಪಿಯರ್. ರಾತ್ರಿ ಎ.ಸಿ. 1500, ಫ್ರಿಜ್ 200, ಫ್ಯಾನು-ದೀಪ 300, ಜೊತೆಗೆ ಕಾರು: 5300 ವ್ಯಾಟ್, 23 ಆಂಪಿಯರ್. ಆದ್ದರಿಂದ ಚಾರ್ಜಿಂಗ್ ರಾತ್ರಿಯೇ ಲೇಸು. ಆದರೂ ಮಂಜೂರಾದದ್ದು 3 ಕಿಲೋವ್ಯಾಟ್ ಇದ್ದರೆ ಸಾಲದು. ಪರವಾನಗಿ ಇರುವ ಗುತ್ತಿಗೆದಾರರ ಮೂಲಕ ಲೋಡ್ ಹೆಚ್ಚಿಸಲು ಹೆಸ್ಕಾಂಗೆ ಮೊದಲೇ ಅರ್ಜಿ ಕೊಡಬೇಕು. 7.4 ಕಿಲೋವ್ಯಾಟ್ ಚಾರ್ಜರ್ ಬೇಕೆಂದರೆ ತ್ರಿಫೇಸ್ ಸಂಪರ್ಕದ ವಿಚಾರವನ್ನೂ ಆಗಲೇ ಕೇಳಬೇಕು.

ಕಾರು ಗಂಟೆಗಟ್ಟಲೆ ಒಂದೇ ಸಮ ವಿದ್ಯುತ್ ಎಳೆಯುತ್ತದೆ. ಹಾಗಾಗಿ ಅದರ ಲೈನು ಶೇ 25ರಷ್ಟು ಹೆಚ್ಚು ತಡೆದುಕೊಳ್ಳುವಂತಿರಬೇಕು. 3.3 ಕಿಲೋವ್ಯಾಟಿಗೆ 14 ಆಂಪಿಯರ್ ದಾಟುತ್ತದೆ; ಬೋರ್ಡಿನಿಂದ ನೇರವಾಗಿ ಎಳೆದ 4 ಚದರ ಮಿ.ಮೀ. ತಾಮ್ರದ ವೈರು, 20 ಆಂಪಿಯರ್ ಎಂಸಿಬಿ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬಳಸಲೇಬಾರದು.

ಕರಾವಳಿಯಲ್ಲಿ ಅರ್ಥಿಂಗ್ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಭೂಸಂಪರ್ಕ ದುರ್ಬಲವಾಗುತ್ತದೆ. ಉಪ್ಪುಗಾಳಿಗೆ ತಾಮ್ರದ ತುದಿಗಳು ಹಸಿರುಗಟ್ಟಿ ಕಚ್ಚು ಸಡಿಲವಾದರೆ ಅಲ್ಲೇ ಬಿಸಿ ಹುಟ್ಟುತ್ತದೆ. ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ, ವರ್ಷಕ್ಕೊಮ್ಮೆ ಅಳೆಸುವುದು ಒಳ್ಳೆಯದು. ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಕಡ್ಡಾಯವೆಂದೇ ತಿಳಿಯಬೇಕು. ಮಳೆಗಾಲದಲ್ಲಿ ಒದ್ದೆ ಕೈಯವರ ಜೀವ ಉಳಿಸುವುದು ಅದೇ.

ಕೊನೆಯದು ಯೂನಿಟ್ ಲೆಕ್ಕ. ಒಂದು ಯೂನಿಟ್ಟಿಗೆ 7 ಕಿ.ಮೀ. ಎಂದು ಹಿಡಿದರೆ, ಮುಟ್ಟಳ್ಳಿಯಿಂದ ಹೊನ್ನಾವರಕ್ಕೆ ಹೋಗಿ ಬರುವ ಸುಮಾರು 80 ಕಿ.ಮೀ.ಗೆ ಚಾರ್ಜಿಂಗ್ ನಷ್ಟ ಸೇರಿ 13 ಯೂನಿಟ್ ಬೇಕು. ತಿಂಗಳಲ್ಲಿ 20 ದಿನ ಓಡಿದರೆ 260 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯನ್ನು ಕಾರೊಂದೇ ದಾಟಿಸುತ್ತದೆ; ಮಿತಿ ಮೀರಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.